ಯಾರೂ ಕೇಳದ ಮದುವೆ ಕಾಗದ

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಮುಂಬಯಿಯಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ಜಂಭದಿಂದ ಹೇಳುತ್ತಿಲ್ಲ, ಉದ್ಯೋಗವೇ ಹಾಗಿದೆ. ಹದಿನೇಳು ವರ್ಷಗಳಿಂದ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕೂತು ಬೇರೆಯವರ ಅರ್ಜಿಗಳನ್ನು ತಿರಸ್ಕರಿಸುವುದು ನನ್ನ ಕೆಲಸ. ಸಹಿ ಗೆರೆಯಿಂದ ಕೂದಲೆಳೆಯಷ್ಟು ಆಚೆ ಹೋಗಿದ್ದರೂ ಕಣ್ಣಿಗೆ ಬೀಳುತ್ತದೆ. ನನ್ನನ್ನು ಕಂಡರೆ ಜನ ಫೈಲು ಬಚ್ಚಿಡುತ್ತಾರೆ!

ಆ ಕೆಲಸದಲ್ಲಿ ಕಲಿತ ಇನ್ನೊಂದು ಪಾಠವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ಕಥೆಯಲ್ಲಿ ತಾರೀಖು, ಗಂಟೆ, ಗಾಳಿ ಬೀಸಿದ ದಿಕ್ಕು ಎಲ್ಲವೂ ಕರಾರುವಾಕ್ಕಾಗಿ ಹೊಂದಿಕೊಳ್ಳುತ್ತವೋ ಅವರು ಸುಳ್ಳು ಹೇಳುತ್ತಿದ್ದಾರೆ. ನಿಜವಾಗಿ ಬಿದ್ದವನಿಗೆ ಎಡಕ್ಕೆ ಬಿದ್ದೆನೋ ಬಲಕ್ಕೆ ಬಿದ್ದೆನೋ ನೆನಪಿರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ನಾನು ತೀರಾ ಚುರುಕಾಗಿ ಮಾತಾಡಿದ್ದು ಕಂಡರೆ ಆ ಭಾಗವನ್ನು ನಂಬಬೇಡಿ. ನನ್ನ ಹೆಂಡತಿ ಈಗಾಗಲೇ ನಂಬುವುದಿಲ್ಲ.

ಹೆಂಡತಿಯ ಹೆಸರು ಲಿಯೆನ್. ವಿಯೆಟ್ನಾಮಿನವಳು. ಬಟ್ಟೆ ರಫ್ತು ಮಾಡುವ ಕಂಪನಿಯೊಂದರಲ್ಲಿ ತಪಾಸಣೆಯ ಕೆಲಸ. ಸಾವಿರ ಅಂಗಿಗಳಲ್ಲಿ ಒಂದರ ಗುಂಡಿ ಸಡಿಲವಾಗಿದ್ದರೆ ಅದನ್ನು ಹುಡುಕಿ ಹೊರಗೆಳೆಯುತ್ತಾಳೆ. ನಾನು ಕಾಗದದ ತಪ್ಪು ಹುಡುಕುವವನು, ಅವಳು ಹೊಲಿಗೆಯ ತಪ್ಪು ಹುಡುಕುವವಳು. ಸಾಂತಾಕ್ರೂಜಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೇಗೆ ನಡೆಯುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಮದುವೆಯಾಗಿ ಏಳು ವರ್ಷ ಕಳೆದಿತ್ತು. ಪ್ರತಿ ಸಲ ವೀಸಾ ಮುಂದುವರಿಸಲು ಹೋದಾಗ ಅವಳಿಗೆ ಒಂದೇ ಪ್ರಶ್ನೆ: ನೀವು ಇಲ್ಲಿ ಯಾಕೆ ಇದ್ದೀರಿ? "ನನ್ನ ಅಡುಗೆಮನೆ ಇಲ್ಲಿದೆ" ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಈ ಸಲ ಪೌರತ್ವಕ್ಕೇ ಅರ್ಜಿ ಹಾಕೋಣ ಎಂದು ನಿರ್ಧರಿಸಿದೆವು. ಅದಕ್ಕೆ ಅವಳು ತನ್ನ ದೇಶದ ಪಾಸ್‌ಪೋರ್ಟನ್ನು ಬಿಟ್ಟುಕೊಡಬೇಕು. ಎರಡನ್ನೂ ಇಟ್ಟುಕೊಳ್ಳಲು ಇಲ್ಲಿ ಅವಕಾಶವಿಲ್ಲ. ಅವಳು ತಿಂಗಳುಗಟ್ಟಲೆ ಕಿಟಕಿಯ ಬಳಿ ಕೂತು ಯೋಚಿಸಿ, ಆಯಿತು ಎಂದಳು. ಆ ತಿಂಗಳುಗಳಲ್ಲಿ ನಾನು ಫೈಲಿಗೆ ಒಳ್ಳೆಯ ಪ್ಲಾಸ್ಟಿಕ್ ಕವರು ಹುಡುಕುತ್ತಿದ್ದೆ.

ಯಾವ ಯಾವ ದಾಖಲೆ ಬೇಕು ಎಂಬುದಕ್ಕೆ ಕಚೇರಿಯವರದೇ ಪಟ್ಟಿ ಇತ್ತು. (ಕಚೇರಿ ಯಾವುದೆಂದು ಹೇಳುವುದಿಲ್ಲ. ನಮಗೆ ಅಲ್ಲಿ ಇನ್ನೂ ಕೆಲಸವಿದೆ.) ಲಿಯೆನ್ ಒಂದೊಂದನ್ನೇ ಜೋಡಿಸಿ ಪೆನ್ಸಿಲಿನಿಂದ ಗುರುತು ಹಾಕಿದಳು. ಕೊನೆಯ ಗುರುತು ಬಿದ್ದ ಮೇಲೆ ನಾನು ನನ್ನ ಕಾಣಿಕೆಗಳನ್ನು ತಂದೆ: ಹೌಸಿಂಗ್ ಸೊಸೈಟಿಯ ರಸೀದಿಗಳು, ಗ್ಯಾಸ್ ಪುಸ್ತಕ, ನಾಯಿಯೊಂದಿಗೆ ನಾವಿಬ್ಬರು ನಿಂತ ಫೋಟೊ, ನನ್ನ ಜನನ ಪ್ರಮಾಣಪತ್ರ, ಎಲ್ಲಕ್ಕಿಂತ ಮೇಲೆ ನಮ್ಮ ಮದುವೆ ಕಾಗದ, ಅಂದರೆ ಲಗ್ನಪತ್ರಿಕೆ. ಅರಿಸಿನ ಬಣ್ಣದ ದಪ್ಪ ಕಾಗದ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷು.

"ಇದು ಪಟ್ಟಿಯಲ್ಲಿ ಇಲ್ಲ," ಎಂದಳು ಲಿಯೆನ್.

"ಇರಲಿ. ಜಾಸ್ತಿ ಇದ್ದರೆ ಯಾರಿಗೆ ನಷ್ಟ?"

"ಅಂಗಿಗೆ ಮೂರು ಕೈ ಇದ್ರೆ ನಾವು ವಾಪಸ್ ಕಳಿಸ್ತೇವೆ, ದಿನು."

ನಾನು ನಕ್ಕೆ. ಅನುಭವಿಗಳು ನಗುವ ಹಾಗೆ ನಕ್ಕೆ.

ಆ ಕಾಗದದ ಕಥೆಯನ್ನು ಇಲ್ಲಿ ಹೇಳಲೇಬೇಕು. ನಾವು ಉಡುಪಿ ಕಡೆಯ ತುಳುವರು. ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ, ಅದಕ್ಕೆ ಬಳಿ ಎನ್ನುತ್ತೇವೆ. ಒಂದೇ ಬಳಿಯವರು ಅಣ್ಣತಂಗಿ, ಅವರಿಗೆ ಮದುವೆಯಿಲ್ಲ. ಮದುವೆಯಲ್ಲಿ ಹೆಣ್ಣಿನ ತಂದೆತಾಯಿ ಧಾರೆ ಎರೆದು ಕೊಡಬೇಕು. ಲಿಯೆನ್‌ಗೆ ಚಿಕ್ಕಂದಿನಲ್ಲೇ ತಂದೆ ಇಲ್ಲ, ತಾಯಿ ಹಾಸಿಗೆ ಹಿಡಿದಿದ್ದರು, ವಿಮಾನ ಹತ್ತುವಂತಿರಲಿಲ್ಲ. ಬೈಕುಲ್ಲಾದಲ್ಲಿ ಜಲಜತ್ತೆಯ ಮನೆಯಲ್ಲಿ ಸಭೆ ಸೇರಿತು. ಜಲಜತ್ತೆ ನನ್ನ ತಂದೆಯ ಅಕ್ಕ. ಗಂಡನ ಜೊತೆ ಅಲ್ಲೇ ಕೆಳಗೆ ಒಂದು ಸಣ್ಣ ಊಟದ ಹೋಟೆಲು ನಡೆಸುತ್ತಾರೆ. ಹುಡುಗಿಗೆ ಬಳಿ ಯಾವುದು, ಧಾರೆ ಎರೆಯುವವರು ಯಾರು? ನನ್ನ ತಾಯಿಯ ತಂಗಿ ಉತ್ಸಾಹದಿಂದ "ನಾನು ಮಗಳು ಮಾಡಿಕೊಳ್ತೇನೆ" ಎಂದಳು. ಎಲ್ಲರೂ ಕಿರುಚಿದರು. ಹಾಗೆ ಮಾಡಿದರೆ ಹುಡುಗಿ ನನ್ನ ಬಳಿಯವಳೇ ಆಗಿ ನನಗೆ ತಂಗಿಯಾಗುತ್ತಿದ್ದಳು!

ಆಗ ಜಲಜತ್ತೆ ಎದ್ದು ನಿಂತರು. "ನನಗೆ ಹೆಣ್ಣುಮಕ್ಕಳಿಲ್ಲ. ಇವಳು ನನ್ನ ಮಗಳು. ಅತ್ತೆ ಮಗಳನ್ನು ಕಟ್ಟಿಕೊಂಡ್ರೆ ಯಾರ ಬಾಯಿಗೂ ಕೆಲಸ ಇಲ್ಲ."

ಶಾಸ್ತ್ರಬದ್ಧ ಪರಿಹಾರ. ಲಿಯೆನ್‌ಳನ್ನು ಮಡಿಲಲ್ಲಿ ಕೂರಿಸಿಕೊಂಡು ಹಾಲು ಕುಡಿಸಿದರು. ಹೆಸರಿನ ಅರ್ಥವೇನು ಎಂದು ಕೇಳಿದರು. ತಾವರೆ ಎಂದಳು. ಕಾಗದದಲ್ಲಿ ಅಚ್ಚಾಯಿತು: ಶ್ರೀಮತಿ ಜಲಜಾ ಮತ್ತು ಶ್ರೀ ಸದಾಶಿವ ಇವರ ಪುತ್ರಿ ಚಿ. ಸೌ. ಪದ್ಮಾವತಿ. ವಿಯೆಟ್ನಾಮಿನ ಸುಳಿವು ಎಲ್ಲೂ ಇಲ್ಲ. ಆಮೇಲೆ ವಿವಾಹ ನೋಂದಣಿಯಲ್ಲಿ ಅವಳ ನಿಜ ಹೆಸರು, ನಿಜ ತಂದೆತಾಯಿಯ ಹೆಸರುಗಳನ್ನೇ ಬರೆಸಿದೆವು. ಎರಡು ಕಾಗದಗಳೂ ಏಳು ವರ್ಷ ಒಂದೇ ಕಪಾಟಿನಲ್ಲಿ ಜಗಳವಿಲ್ಲದೆ ಮಲಗಿದ್ದವು. ಅವುಗಳನ್ನು ಒಂದೇ ಫೈಲಿನಲ್ಲಿ ಎಬ್ಬಿಸಿ ಕೂರಿಸಿದವನು ನಾನು.

ಸಂದರ್ಶನದ ದಿನ ಮಂಗಳವಾರ. ಲಿಯೆನ್ ಗುರುವಾರ ಎನ್ನುತ್ತಾಳೆ. ಅಧಿಕಾರಿ ಮರಾಠಿಯವರು, ಕನ್ನಡಕ ಹಣೆಯ ಮೇಲೆ. ಅವರು ಮಾತಾಡಿದ್ದು ಹಿಂದಿಯಲ್ಲಿ, ಆದರೆ ನನ್ನ ನೆನಪಿನಲ್ಲಿ ಅವರೇಕೋ ಶುದ್ಧ ಕನ್ನಡ ಮಾತಾಡುತ್ತಾರೆ. ಹಾಗೇ ಬರೆಯುತ್ತೇನೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಅವರು ಹಾಳೆ ತಿರುಗಿಸಿದರು. ಅರಿಸಿನ ಬಣ್ಣ ಕಾಣಿಸಿತು.

"ಇದು ಯಾರ ಮದುವೆ?"

"ನಮ್ಮದೇ ಸರ್."

"ಪದ್ಮಾವತಿ ಯಾರು?"

"ಇವಳೇ."

"ಇವರು ಲಿಯೆನ್ ಅಲ್ಲವೇ?"

"ಅದೂ ಇವಳೇ."

"ಜಲಜಾ, ಸದಾಶಿವ ಎಂದರೆ?"

"ಇವಳ ತಂದೆತಾಯಿ."

"ಅರ್ಜಿಯಲ್ಲಿ ಬೇರೆ ಹೆಸರುಗಳಿವೆ."

"ಅವರೂ ಇವಳ ತಂದೆತಾಯಿಯೇ ಸರ್."

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಈ ಜಲಜಾ, ಸದಾಶಿವ ಭಾರತೀಯರೇ?"

"ಅಪ್ಪಟ ಭಾರತೀಯರು! ಬೈಕುಲ್ಲಾದಲ್ಲಿ ಹೋಟೆಲಿದೆ."

"ಹಾಗಾದರೆ ಭಾರತೀಯರ ಮಗಳಿಗೆ ಪೌರತ್ವ ಯಾಕೆ ಬೇಕು?"

ಮೇಜಿನ ಕೆಳಗೆ ಲಿಯೆನ್ ನನ್ನ ಕಾಲು ತುಳಿದಳು. ಬುದ್ಧಿಯಿರುವ ಮನುಷ್ಯ ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ವಿವರಣೆ ಕೊಟ್ಟೆ. "ಸರ್, ಅದು ಮದುವೆಗೋಸ್ಕರ ಮಾಡಿದ ದತ್ತು. ಜಲಜತ್ತೆ ಎಂದರೆ ನನ್ನ ತಂದೆಯ ಸ್ವಂತ ಅಕ್ಕ. ಆದ್ದರಿಂದ ಎಲ್ಲ ಕ್ರಮಬದ್ಧವಾಗಿದೆ."

ಅಧಿಕಾರಿ ಹಿಂದಿನ ಕಪಾಟಿನಿಂದ ಒಂದು ಪುಸ್ತಕ ತೆಗೆದರು, ಪುಟ ತಿರುಗಿಸಿದರು, ಬೆರಳು ಇಟ್ಟರು. ಮದುವೆಗೆ ನಿಷೇಧವಿರುವ ಸಂಬಂಧಗಳ ಪಟ್ಟಿ. ಅದರಲ್ಲಿ ನೀಟಾಗಿ ಅಚ್ಚಾಗಿತ್ತು: ತಂದೆಯ ಸಹೋದರಿಯ ಮಗಳು. ದತ್ತು ಮಗಳೂ ಸೇರಿ.

"ಮಾಮಾನ ಮಗಳಾಗಿದ್ದರೆ ನನಗಾದರೂ ಅರ್ಥವಾಗುತ್ತಿತ್ತು," ಎಂದರು ಅವರು ನಿಜವಾದ ದುಃಖದಿಂದ. "ನಮ್ಮಲ್ಲೂ ಇದೆ. ಆತ್ಯಾಳ, ತಂದೆಯ ಅಕ್ಕನ ಮಗಳು?"

ಹದಿನೈದು ನಿಮಿಷಗಳಲ್ಲಿ ನಾನು ಸಾಧಿಸಿದ್ದು ಇಷ್ಟು: ಹೆಂಡತಿಗೆ ಎರಡು ಹೆಸರು, ನಾಲ್ಕು ಮಂದಿ ತಂದೆತಾಯಿ, ಮತ್ತು ಮದುವೆಯೇ ಆಗಿರದ ಒಬ್ಬ ಗಂಡ!

ಅಧಿಕಾರಿ ಕೆಟ್ಟವರಲ್ಲ. ದಾರಿಯನ್ನೂ ತೋರಿಸಿದರು. "ಹದಿನೈದು ದಿನದೊಳಗೆ ಆ ಜಲಜಾ ಅವರಿಂದ ಅಫಿಡವಿಟ್ ತನ್ನಿ. ಇವರು ನನ್ನ ಮಗಳಲ್ಲ ಎಂದು ಸಾಕು. ಇಲ್ಲವಾದರೆ ಫೈಲು ವಾಪಸು, ಎಲ್ಲವೂ ಮೊದಲಿನಿಂದ." ವೀಸಾ ಮುಗಿಯಲು ಒಂದೂವರೆ ತಿಂಗಳಿತ್ತು. ಈ ಗೊಂದಲದ ಫೈಲು ಹಿಂದೆ ಇದ್ದರೆ ಅದನ್ನು ಮುಂದುವರಿಸುವವರಾದರೂ ಏನು ಪ್ರಶ್ನೆ ಕೇಳಿಯಾರು? ನಿಮ್ಮ ಮದುವೆ ಆಗಿದೆಯೇ ಎಂದು ಮೊದಲು ಕೇಳುತ್ತಾರೆ.

ಲಿಯೆನ್ ಜೊತೆ ಬೈಕುಲ್ಲಾಕ್ಕೆ ಲೋಕಲ್ ರೈಲು ಹತ್ತಿದೆ. ದಾದರ್ ದಾಟಿದ ಮೇಲೆ "ಮೂರು ಕೈ" ಎಂದಳು. ಅಷ್ಟೇ.

ಜಲಜತ್ತೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಲಿಯೆನ್ ಚಪ್ಪಲಿ ಕಳಚಿ ನೇರ ಅಡುಗೆಕೋಣೆಗೆ ಹೋದಳು.

"ಎಂತ ಆಯ್ತಾ? ಮುಖ ಯಾಕೆ ಹಾಗೆ ಮಾಡಿಕೊಂಡಿದ್ದಿ?"

"ಏನಿಲ್ಲ ಅತ್ತೆ. ಒಂದು ಸಣ್ಣ ಸಹಿ."

"ಎಂತ ಅಂತ?"

"ಲಿಯೆನ್ ನಿಮ್ಮ ಮಗಳಲ್ಲ ಅಂತ."

"ಇನ್ನೊಮ್ಮೆ ಹೇಳು ನೋಡುವ."

ನಾನು ಇನ್ನೊಮ್ಮೆ ಹೇಳಿದೆ! ಇಂಥ ಸಂದರ್ಭದಲ್ಲಿ ಇನ್ನೊಮ್ಮೆ ಹೇಳಬಾರದು ಎಂದು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

"ಅವಳ ಅಮ್ಮ ತೀರಿಹೋದಾಗ ಹದಿನಾರು ದಿನ ನಿಮ್ಮ ಮನೆಯಲ್ಲಿ ಕೂತು ಅವಳಿಗೆ ಗಂಜಿ ಕುಡಿಸಿದ್ದು ಯಾರು? ಸರಕಾರವಾ?"

"ಅದು ಬೇರೆ ಅತ್ತೆ..."

"ಆಗ ನೀನು ಎಲ್ಲಿದ್ದಿ?"

"ಆಫೀಸಿಗೆ..."

"ಯಾರದೋ ಅರ್ಜಿ ರಿಜೆಕ್ಟ್ ಮಾಡ್ಲಿಕ್ಕೆ!"

"ಕಾಗದಕ್ಕೆ ಮಾತ್ರ ಅತ್ತೆ. ಮನೆಯಲ್ಲಿ ಎಲ್ಲ ಮೊದಲಿನ ಹಾಗೇ."

"ಕಾಗದದಲ್ಲಿ ಒಂದು, ಮನೆಯಲ್ಲಿ ಒಂದು, ಅಂಥ ಎರಡು ನಾಲಿಗೆ ನನಗಿಲ್ಲ ಮಾರಾಯ. ಈಗ ಎಂತ, ಒಂದು ಸಂಬಂಧ ಕಡೀಬೇಕು, ಅಷ್ಟೇ ಅಲ್ವನಾ? ಹಾಗಾದ್ರೆ ನಿನ್ನದನ್ನು ಕಡಿ. ನೀನು ನನ್ನ ತಮ್ಮನ ಮಗ ಅಲ್ಲ ಅಂತ ಬರ್ಕೊಂಡು ಬಾ. ಈಗಲೇ ಸಹಿ ಹಾಕ್ತೇನೆ. ಪೆನ್ನು ಉಂಟಾ?"

ಒಳಗಿನಿಂದ ಲಿಯೆನ್ ಸೌಟು ಹಿಡಿದು ಬಂದಳು. ವೀಸಾ ಅವಳದು, ಅರ್ಜಿ ಅವಳದು, ನನ್ನ ಪರ ಒಂದು ಮಾತು ಹೇಳುತ್ತಾಳೆ ಎಂದುಕೊಂಡೆ.

"ಅಮ್ಮ ಹೇಳಿದ್ದು ಸರಿ," ಎಂದಳು. "ಸಾರು ಬಿಸಿ ಉಂಟು. ಕೂತ್ಕೊಳ್ಳಿ."

ಊಟ ಮಾಡಿದೆ. ಸೋತವನಿಗೂ ಹಸಿವಾಗುತ್ತದೆ. ಆದರೆ ನಾನು ಸೋಲುವ ಜಾತಿಯವನಲ್ಲ! ಎರಡೂ ಕಡೆಯವರು ಒಪ್ಪುವಂಥ ಒಕ್ಕಣೆಯನ್ನು ಬರೆಯಬಲ್ಲವನು ಈ ನಗರದಲ್ಲಿ ಒಬ್ಬನಿದ್ದರೆ ಅವನು ನಾನೇ ಎಂದುಕೊಂಡು ಮರುದಿನ ಫೋರ್ಟಿನಲ್ಲಿ ಇಮಾಮ್ ಸಾಹೇಬರ ಬಳಿ ಹೋದೆ. ವಿಜಯಪುರ ಕಡೆಯವರು, ಕೋರ್ಟಿನ ಹತ್ತಿರದ ಫುಟ್‌ಪಾತಿನಲ್ಲಿ ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು ಇಟ್ಟುಕೊಂಡು ಜನರ ಅಫಿಡವಿಟ್‌ಗಳನ್ನು ಟೈಪು ಮಾಡಿಕೊಡುತ್ತಾರೆ. ನಾನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದ್ದನ್ನು ಇಲ್ಲಿ ಕನ್ನಡ ಮಾಡಿದ್ದೇನೆ: ಸದರಿ ಲಿಯೆನ್ ಉರುಫ್ ಪದ್ಮಾವತಿಯು ನನ್ನ ಸಾಂದರ್ಭಿಕ ಪುತ್ರಿಯಾಗಿದ್ದು...

ಇಮಾಮ್ ಸಾಹೇಬರ ಬೆರಳು ನಿಂತಿತು. "ಸಾಂದರ್ಭಿಕ ಅಂದ್ರ ಏನ್ರಿ? ಹಬ್ಬಕ್ಕಷ್ಟ ಮಗಳೇನು?"

"ನೀವು ಟೈಪ್ ಮಾಡಿ."

"ಮಾಡ್ತೀನ್ರಿ. ಆದ್ರ ಒಂದು ಮಾತು ಕೇಳ್ತೀನಿ. ದತ್ತಕ ಪತ್ರ ಐತೇನು? ರಿಜಿಸ್ಟರ್ ಮಾಡ್ಸೀರೇನು?"

"ಇಲ್ಲ."

"ಮತ್ಯಾಕ ಒದ್ದಾಡ್ತೀರಿ ಸಾಹೇಬ್ರ?"

ಹದಿನೇಳು ವರ್ಷದ ಅನುಭವಿ ನಾನು. ಫುಟ್‌ಪಾತಿನಲ್ಲಿ ಸಲಹೆ ಪಡೆಯುವುದೇ? ಕೇಳಿಸದವನಂತೆ ಕಾಗದ ಹಿಡಿದು ಬೈಕುಲ್ಲಾಕ್ಕೆ ಓಡಿದೆ. ಜಲಜತ್ತೆಗೆ ಇಂಗ್ಲಿಷು ಸಾಕಷ್ಟು ಬರುತ್ತದೆ, ಹೋಟೆಲಿನ ಲೈಸೆನ್ಸುಗಳನ್ನು ಓದಿ ಓದಿ ಕಲಿತದ್ದು. ಅವರು "ಸಾಂದರ್ಭಿಕ"ದ ಮೇಲೆ ಅಡ್ಡಗೆರೆ ಎಳೆದರು. ಸ್ಟ್ಯಾಂಪ್ ಪೇಪರಿನ ಮೇಲೆ! ಆಮೇಲೆ ಹನ್ನೆರಡು ದಿನ ಪದ ಹುಡುಕಿ, ಹೊಸ ಸ್ಟ್ಯಾಂಪ್ ಪೇಪರಿನಲ್ಲಿ "ನನ್ನ ಮಗಳಂತೆ ಇರುವವಳು" ಎಂದು ಬರೆಸಿಕೊಂಡು ಹೋದೆ. "ಅಂತೆ" ಹಾರಿಹೋಯಿತು. ಅಲ್ಲ ಎಂದು ಹೇಳಿಸಲು ಹೊರಟವನ ಕೈಯಲ್ಲಿ, ಹೌದು ಎಂದು ಹೇಳುವ ಎರಡು ಸರಕಾರಿ ಮುದ್ರೆಯ ಕಾಗದಗಳು ಸೇರಿಕೊಂಡವು. ಹದಿನೈದರಲ್ಲಿ ಹದಿಮೂರು ದಿನ ಮುಗಿದಿದ್ದವು.

"ನೀನು ಓಡಿದ್ದು ಸಾಕು," ಎಂದರು ಜಲಜತ್ತೆ. "ನಾನೇ ಬರ್ತೇನೆ."

ಬಂದರು. ನಮ್ಮ ಮದುವೆಯ ದಿನ ಉಟ್ಟಿದ್ದ ರೇಷ್ಮೆ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಏನಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ. ಅದನ್ನು ತೆರೆಯಲೇ ಇಲ್ಲ, ಆದರೆ ಮೇಜಿನ ಮೇಲೆ ಅದು ಕೂತ ರೀತಿಗೆ ಅಧಿಕಾರಿ ತಮ್ಮ ಫೈಲುಗಳನ್ನು ಸ್ವಲ್ಪ ಹಿಂದೆ ಸರಿಸಿಕೊಂಡರು.

"ಸಾಬ್, ಮೇರಿ ಬೇಟಿ ಹೈ," ಎಂದರು ಅತ್ತೆ ಕೂರುವ ಮೊದಲೇ. "ಬಸ್."

"ಅಮ್ಮಾ, ಅಲ್ಲ ಎಂದು ಒಂದು ಮಾತು ಹೇಳಿದರೆ ಇವರ ಕೆಲಸ ಆಗಿಹೋಗುತ್ತದೆ."

"ನಿಮಗೆ ಮಗಳಿದ್ದಾಳಾ?"

"ಇಬ್ಬರು."

"ಒಬ್ಬಳನ್ನು ಅಲ್ಲ ಅಂತ ಹೇಳಿ ನೋಡುವ."

ಅಧಿಕಾರಿ ಲಿಯೆನ್‌ಳ ಕಡೆ ತಿರುಗಿದರು. "ಇದು ನಿಮ್ಮ ಪೌರತ್ವದ ವಿಷಯ. ನೀವೇನು ಹೇಳುತ್ತೀರಿ?"

ಇಲ್ಲಿ ನಾನು ಎದ್ದು ನಿಂತು ಮಾತೃತ್ವ, ಕಾನೂನು ಮತ್ತು ಕರಾವಳಿಯ ಪದ್ಧತಿಗಳ ಬಗ್ಗೆ ಒಂದು ಅದ್ಭುತ ಭಾಷಣ ಮಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಲಿಯೆನ್ ಹೇಳುವ ಪ್ರಕಾರ ಆಗ ನಾನು ಕುರ್ಚಿಯ ಕೆಳಗೆ ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಯಾರ ನೆನಪು ತೀರಾ ಚೆನ್ನಾಗಿದೆ ಎಂದು ನೀವೇ ನೋಡಿಕೊಳ್ಳಿ. ಮಾತಾಡಿದ್ದು ಲಿಯೆನ್. ಬಟ್ಟೆ ಕಾರ್ಖಾನೆಯಲ್ಲಿ ಕಲಿತ ಹಿಂದಿಯಲ್ಲಿ, ನಿಧಾನವಾಗಿ.

"ನನ್ನ ದೇಶ ಬಿಡ್ತೇನೆ ಅಂತ ಅರ್ಜಿಯಲ್ಲಿ ಬರೆದಿದ್ದೇನೆ, ಸರ್. ಹುಟ್ಟಿಸಿದ ಅಮ್ಮ ಹೋಗಿದ್ದಾಳೆ. ಉಳಿದದ್ದು ಇವರು. ಇವರನ್ನೂ ಬಿಡಬೇಕು ಅಂತಿದ್ರೆ ಫೈಲ್ ವಾಪಸ್ ಕೊಡಿ. ಮುಂದಿನ ವರ್ಷ ಮತ್ತೆ ಲೈನಿನಲ್ಲಿ ನಿಲ್ತೇನೆ. ಯಾಕೆ ಇಲ್ಲಿ ಇದ್ದೀರಿ ಅಂತ ಕೇಳಿದ್ರೆ, ಅಮ್ಮ ಇದ್ದಾಳೆ ಅಂತ ಹೇಳ್ತೇನೆ."

ಗಂಡ ಇದ್ದಾನೆ ಎನ್ನಲಿಲ್ಲ. ಗಮನಿಸಿದೆ.

ಅಧಿಕಾರಿ ಅರಿಸಿನ ಬಣ್ಣದ ಕಾಗದವನ್ನು ಮತ್ತೊಮ್ಮೆ ಓದಿದರು. ಆಮೇಲೆ ಅತ್ತೆಯನ್ನು ಕೇಳಿದರು, "ದತ್ತುಪತ್ರ ಮಾಡಿಸಿದ್ದೀರಾ? ನೋಂದಣಿ?"

"ಮಗಳು ಮಾಡಿಕೊಳ್ಳಲಿಕ್ಕೆ ಕೋರ್ಟಿಗೆ ಯಾರು ಹೋಗ್ತಾರೆ?"

"ಆಯಿತು. ಪತ್ರ ಇಲ್ಲದಿದ್ದರೆ ಸರಕಾರದ ಪಾಲಿಗೆ ದತ್ತು ಆಗಿಯೇ ಇಲ್ಲ. ನೀವು ಏನನ್ನೂ ಬರೆದುಕೊಡಬೇಕಾಗಿಲ್ಲ. ಷರಾ ನಾನೇ ಹಾಕುತ್ತೇನೆ."

"ನೀವು ಎಂತ ಬೇಕಾದ್ರೂ ಬರೀರಿ ಸಾಬ್. ನಾನು ಬರೆಯುವುದಿಲ್ಲ."

"ಬೇಡಮ್ಮ." ಅವರು ಮದುವೆ ಕಾಗದವನ್ನು ಪಿನ್ನು ಬಿಡಿಸಿ ಎರಡೂ ಕೈಗಳಿಂದ ಅತ್ತೆಗೆ ಕೊಟ್ಟರು. "ಇದು ಮನೆಯಲ್ಲಿರಲಿ. ಅಂದಹಾಗೆ, ಇದು ನಮ್ಮ ಪಟ್ಟಿಯಲ್ಲೇ ಇಲ್ಲ. ಫೈಲಿಗೆ ಹಾಕಿದ್ದು ಯಾರು?"

ಮೂರು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ಫುಟ್‌ಪಾತಿನಲ್ಲಿ ಇಮಾಮ್ ಸಾಹೇಬರು ದತ್ತುಪತ್ರದ ಪ್ರಶ್ನೆಯನ್ನು ಮೊದಲೇ ಕೇಳಿದ್ದರು ಎಂಬುದನ್ನು ನಾನು ಆ ದಿನ ಯಾರಿಗೂ ಹೇಳಲಿಲ್ಲ.

"ಹಾಗಾದರೆ ಇನ್ನೇನೂ ಆಕ್ಷೇಪವಿಲ್ಲವಲ್ಲ ಸರ್?" ಎಂದು ಎದ್ದೆ.

"ಇವರ ಬಗ್ಗೆ ಇಲ್ಲ," ಎಂದರು ಅಧಿಕಾರಿ. "ಆಕ್ಷೇಪ ಇರುವುದು ನಿಮ್ಮ ಬಗ್ಗೆ."

ನನ್ನ ಜನನ ಪ್ರಮಾಣಪತ್ರ ಅವರ ಕೈಯಲ್ಲಿತ್ತು. ತಂದೆಯ ಹೆಸರಿತ್ತು, ತಾಯಿಯ ಹೆಸರಿತ್ತು, ಮಗುವಿನ ಹೆಸರಿನ ಜಾಗ ಖಾಲಿ. ಲಿಂಗ: ಗಂಡು. ಅಷ್ಟೇ. ಆಗೆಲ್ಲ ಮಗು ಹುಟ್ಟಿದ ಕೂಡಲೇ ನೋಂದಣಿ; ಹೆಸರಿಡುವುದು ಆಮೇಲೆ; ಹೆಸರು ಸೇರಿಸಲು ಮತ್ತೆ ಯಾರೂ ಹೋಗುತ್ತಿರಲಿಲ್ಲ. ನಲವತ್ತು ದಾಟಿದ ನಾನು ದಾಖಲೆಯಲ್ಲಿ ಇನ್ನೂ ತೊಟ್ಟಿಲಲ್ಲೇ ಇದ್ದೆ.

"ನಿಮ್ಮ ಪಾಸ್‌ಪೋರ್ಟ್ ಒಂದೇ ಸಾಕಿತ್ತು. ಆದರೆ ಇದನ್ನೂ ಹಾಕಿದ್ದೀರಿ. ಹಾಕಿದ ಮೇಲೆ ನಾನು ನೋಡಲಿಲ್ಲ ಎನ್ನುವಂತಿಲ್ಲ. ಈ ಗಂಡುಮಗು ನೀವೇ ಎಂದು ಹಿರಿಯರು ಯಾರಾದರೂ ಅಫಿಡವಿಟ್ ಕೊಡಬೇಕು. ತಂದೆತಾಯಿ?"

"ಇಬ್ಬರೂ ಇಲ್ಲ ಸರ್."

"ಬೇರೆ ಯಾರು?"

ನಾನು ಜಲಜತ್ತೆಯ ಕಡೆ ನೋಡಿದೆ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದರು.

"ಸ್ವಲ್ಪ ಯೋಚನೆ ಮಾಡಬೇಕು," ಎಂದರು.

ಎರಡು ದಿನ ಯೋಚಿಸಿದರು. ಸಹಿ ಹಾಕಿದರು. ಇಮಾಮ್ ಸಾಹೇಬರು ಟೈಪು ಮಾಡುತ್ತ "ಇದು ಸರಳ ಐತ್ರಿ, ಯಾರೂ ಅಡ್ಡಗೆರಿ ಹಾಕೂದಿಲ್ಲ" ಎಂದು ಸಮಾಧಾನ ಹೇಳಿದರು. ಮತ್ತೂ ಹಲವು ತಿಂಗಳು, ಹಲವು ಮೇಜು ದಾಟಿ ಲಿಯೆನ್ ಪ್ರಮಾಣವಚನ ಸ್ವೀಕರಿಸಿದಳು. ಅವತ್ತು ಪಕ್ಕದಲ್ಲಿ ಜಲಜತ್ತೆ, ಅದೇ ಸೀರೆ. ಜೆರಾಕ್ಸ್ ಚೀಲ ಹಿಡಿದು ಬಾಗಿಲ ಹೊರಗೆ ನಾನು.

ಆದರೂ ಒಂದು ಮಾತು. ಆ ಕಾಗದ ಹಾಕಿದ್ದಕ್ಕೆ ನಾನು ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ಆ ಫೈಲಿನಲ್ಲಿ ಎಲ್ಲ ಕಾಗದಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದವು, ಯಾವುದಕ್ಕೂ ಹೊಂದದೆ ಕೂತಿದ್ದದ್ದು ಅದೊಂದೇ. ಹದಿನೇಳು ವರ್ಷದ ನನ್ನ ಅನುಭವದಲ್ಲಿ ಅಂಥದ್ದೇ ನಿಜ. ಇದನ್ನು ಲಿಯೆನ್‌ಗೆ ಹೇಳಿದೆ. ಅವಳು ನನ್ನ ಕೈಯಿಂದ ಫೈಲು ತೆಗೆದುಕೊಂಡು ಕಪಾಟಿಗೆ ಬೀಗ ಹಾಕಿದಳು.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಲು ನಾನು ವಾರ್ಡ್ ಕಚೇರಿಗೆ ಅರ್ಜಿ ಹಾಕಿದ್ದೇನೆ. ಪಟ್ಟಿಯಲ್ಲಿ ಇಲ್ಲದ ಒಂದೆರಡು ದಾಖಲೆಗಳನ್ನೂ ಲಗತ್ತಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಸದ್ಯಕ್ಕೆ ನಮ್ಮ ಮನೆಯಲ್ಲಿ ಒಂದು ಕಲೆಯೂ ಇಲ್ಲದ ದಾಖಲೆಯಿರುವ ಭಾರತೀಯ ಪ್ರಜೆ ಒಬ್ಬರೇ. ಅವರು ಹುಟ್ಟಿದ್ದು ಹನೋಯಿಯಲ್ಲಿ!